ಹಳದಿ ಇಳಿದ ನೀರು

ಬೀದಿಯವರೆಲ್ಲ ಅವನನ್ನು ಹೊಳಪು ಮಾವ ಎಂದೇ ಕರೆಯುತ್ತಿದ್ದರು. ಸೈಕಲ್ ಹ್ಯಾಂಡಲ್‌ಗಳಿಗೆ ಕ್ರೋಮ್ ಲೇಪಿಸುವ ಕಾರ್ಖಾನೆಯಲ್ಲಿ ತೊಟ್ಟಿಯ ಮುಂದೆ ನಿಂತು ನಿಂತೇ ಅವನ ತಲೆ ನರೆತಿತ್ತು. ಅಲ್ಲಿನ ಹಬೆಗೆ ಮೂಗಿನ ನಡುಗೋಡೆ ತೂತುಬಿದ್ದು ವಾಸನೆಯೇ ತಿಳಿಯುತ್ತಿರಲಿಲ್ಲ. ಅಡುಗೆ ಸೀದರೂ ಮೆಚ್ಚಿಕೊಂಡು ಉಣ್ಣುವ ಗಂಡ ನಿನಗೊಬ್ಬಳಿಗೇ ಸಿಕ್ಕಿರುವುದು ಎಂದು ಹೆಂಡತಿಯನ್ನು ಛೇಡಿಸುತ್ತಿದ್ದ.

ಕಾರ್ಖಾನೆಯ ಕೊಳಕು ನೀರು ಹಿಂದಿನ ಗುಂಡಿಯಲ್ಲಿ ಇಂಗುತ್ತಿತ್ತು. ಬೀದಿಯ ಬೋರ್‌ವೆಲ್ ನೀರು ಹಳದಿಗೆ ತಿರುಗಿದಾಗ ಜನ ತುಕ್ಕಿರಬೇಕೆಂದುಕೊಂಡು ಬಟ್ಟೆಯಲ್ಲಿ ಸೋಸಿ ಕುಡಿದರು. ಅವನ ಹೆಂಡತಿಯ ಕಾಲು ಬಾತು, ಎರಡೂ ಕಿಡ್ನಿ ಕೈಕೊಟ್ಟಿವೆ ಎಂದು ಡಾಕ್ಟರು ಹೇಳಿದ ಮೇಲೆಯೇ ಯಾರೋ ನೀರನ್ನು ಪರೀಕ್ಷೆಗೆ ಒಯ್ದದ್ದು. ಅದರಲ್ಲಿ ಕ್ರೋಮಿಯಂ ವಿಷ ಸಿಕ್ಕಿ ಕಾರ್ಖಾನೆಗೆ ಬೀಗ ಬಿತ್ತು. ಮಾಲೀಕ ತಲೆಮರೆಸಿಕೊಂಡ.

ಆಮೇಲೆ ಕಾಲೇಜಿನ ಸಂಶೋಧಕಿಯೊಬ್ಬಳು ಬಂದು, ಬೀಗ ತೆಗೆಸಿ, ಅದೇ ಕಾರ್ಖಾನೆಯ ತಾರಸಿಯಲ್ಲಿ ಅಗಲವಾದ ಗಾಜಿನ ತೊಟ್ಟಿಗಳನ್ನು ಇರಿಸಿದಳು. ಬೋರ್ ನೀರಿಗೆ ಅವಳ ಕಪ್ಪು ಪುಡಿ ಬೆರೆಸಿ ಬಿಸಿಲಿಗೆ ಬಿಟ್ಟರೆ, ಬೆಳಕಿನ ಬಲದಿಂದ ಪುಡಿಯು ವಿಷದ ಕ್ರೋಮಿಯಂನ ಹಲ್ಲು ಕಿತ್ತು, ಅದನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತಿತ್ತು. ಪುಡಿಯಲ್ಲಿ ಕಬ್ಬಿಣವಿದ್ದದ್ದರಿಂದ, ಹೊರಗಿನಿಂದ ಅಯಸ್ಕಾಂತ ಹಿಡಿದರೆ ಅಷ್ಟೂ ಬಂದು ಗಾಜಿಗೆ ಕಚ್ಚಿಕೊಳ್ಳುತ್ತಿತ್ತು. ಕದಡುವುದಕ್ಕೆ, ಅಯಸ್ಕಾಂತ ಹಿಡಿಯುವುದಕ್ಕೆ ಆಳು ಬೇಕಾಗಿತ್ತು. ಹೊಳಪು ಮಾವ ಯಾರೂ ಕರೆಯದೆ ಹೋಗಿ ನಿಂತ.

ಮೋಡ ಕವಿದ ದಿನ ಕೆಲಸ ಕೆಡುತ್ತಿತ್ತು. ಮೊದಮೊದಲು ನೀರು ಪರೀಕ್ಷೆಯಲ್ಲಿ ನಪಾಸಾಗುತ್ತಲೇ ಹೋಯಿತು. ಕೊನೆಗೊಂದು ಮಧ್ಯಾಹ್ನ ಸಂಶೋಧಕಿ, "ಮಾವ, ಇದನ್ನ ಧೈರ್ಯವಾಗಿ ಕುಡೀಬಹುದು" ಎಂದಳು. ಅವನು ಬಾಟಲಿ ತುಂಬಿಕೊಂಡು ಏದುಸಿರು ಬಿಡುತ್ತ ಮನೆಗೆ ಬಂದ.

ಹೆಂಡತಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ನನ್ನ ಪಾಲಿನ ನೀರು ಬೆಳಗ್ಗೆನೇ ಮುಗೀತು, ರೀ."

ಅವನಿಗೆ ಮರೆತೇ ಹೋಗಿತ್ತು. ಮೈಯಲ್ಲಿ ನೀರು ನಿಲ್ಲುತ್ತದೆ, ದಿನಕ್ಕೆ ಎರಡು ಲೋಟದ ಮೇಲೆ ಕೊಡಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು.

"ನಾಳೆ ಕುಡಿಯುವಿಯಂತೆ. ಎತ್ತಿಟ್ಟಿರ್ತೀನಿ."

"ತುಟಿಗಾದ್ರೂ ಒಂಚೂರು ಸವರಿ."

ಅವನು ಬೆರಳದ್ದಿ ಸವರಿದ. ಅವಳು ತುಟಿ ಚಪ್ಪರಿಸಿ, "ಏನೂ ರುಚಿನೇ ಇಲ್ಲ. ಚೆನ್ನಾಗಿದೆ" ಎಂದಳು.

ಮಳೆ ಹಿಡಿಯುವ ಮೊದಲೇ ಅವಳು ತೀರಿಕೊಂಡಳು. ನೆಂಟರೆಲ್ಲ ಹೊರಟ ಮರುದಿನವೇ ಅವನು ತಾರಸಿ ಹತ್ತಿದ. ಶಕ್ತಿ ಕಳೆದುಕೊಂಡ ಪುಡಿಯನ್ನು ಗಾಜಿನಿಂದ ಕೆರೆದು ಡ್ರಮ್ಮಿಗೆ ತುಂಬಿ, ತಾನು ದುಡಿದ ಕೋಣೆಯಲ್ಲೇ ಇಟ್ಟು ಬೀಗ ಹಾಕಿದ. ನೆಲದೊಳಗಿದ್ದ ವಿಷ ಎಲ್ಲೂ ಹೋಗಿರಲಿಲ್ಲ, ಡ್ರಮ್ಮು ಸೇರಿತ್ತು, ಅಷ್ಟೇ.

ಕೆಳಗೆ ಖಾಲಿ ಬಿಂದಿಗೆ ಹಿಡಿದು ನಿಂತಿದ್ದ ಪಕ್ಕದ ಮನೆಯವಳು ಹೇಗಿದ್ದೀರಿ ಎಂದು ಕೇಳಲಾರದೆ, "ಮಾವ, ಇವತ್ತು ನೀರು ಸಿಗುತ್ತಾ?" ಎಂದಳು.

"ಬಿಸಿಲು ಬಂದ್ರೆ ಸಂಜೆಗೆ ಸಿಗುತ್ತಮ್ಮ" ಎಂದು ಅವನು ಕದಡುವ ಕೋಲು ಕೈಗೆತ್ತಿಕೊಂಡ.