ದೆಹಲಿ ಮೂರೇ ಗಂಟೆಯಂತೆ!

ಕೊಯಮತ್ತೂರಿನಿಂದ ದೆಹಲಿ ಎಷ್ಟು ದೂರ?

ಮೊಬೈಲ್ ಕೇಳಿದರೆ ವಿಮಾನದಲ್ಲಿ ಮೂರು ಗಂಟೆ ಚಿಲ್ಲರೆ ಅನ್ನುತ್ತದೆ. ನನ್ನ ಸೊಂಟವನ್ನು ಕೇಳಿ ನೋಡಿ. ಬೇರೆಯೇ ಲೆಕ್ಕ ಹೇಳುತ್ತದೆ.

ಕಳೆದ ವಾರ ಹೋಗಿಬಂದೆ. ಟೂರ್ ಅಲ್ಲ ಸ್ವಾಮಿ, ಡ್ಯೂಟಿ. ಪೆರಿಯನಾಯಕನಪಾಳ್ಯದಲ್ಲಿರುವ ನನ್ನ ತಂಗಿಯ ಕಿರಿಮಗಳು ಕವಿತಾಗೆ ದೆಹಲಿಯಿಂದ ಸಂಬಂಧ ಬಂದಿದೆ. ಅವರೂ ನಮ್ಮ ಹಾಗೆಯೇ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತಿದ್ದವರು. ಬನಿಯನ್ ವ್ಯಾಪಾರಕ್ಕೆಂದು ತಿರುಪ್ಪೂರು ಬಿಟ್ಟು ದೆಹಲಿಯಲ್ಲೇ ಉಳಿದರು. ಕವಿತಾ ಹುಡುಗನೊಂದಿಗೆ ಫೋನಿನಲ್ಲಿ ಮಾತಾಡಿದ್ದಾಳೆ, ಮನಸಾರೆ ಒಪ್ಪಿದ್ದಾಳೆ. ಆದರೆ ಹುಡುಗನ ಮನೆ ನೋಡಿ ಬರುವುದು ನಮ್ಮಲ್ಲಿ ಸೋದರಮಾವನ ಕೆಲಸ. ಅವನು ಹೂಂ ಅಂದರೆ ಮಾತ್ರ ಮದುವೆ. (ಬೇರೆ ಯಾವ ವಿಷಯಕ್ಕೂ ನನ್ನನ್ನು ಯಾರೂ ಕೇಳುವುದಿಲ್ಲ.)

"ಅಣ್ಣಾ, ಮನೆ ಎಂಗಾದ್ರೂ ಇರ್ಲಿ. ಎಷ್ಟು ದೂರಂ ಅಂತ ಮಾತ್ರಂ ನೋಡ್ಕೊಂಡು ಬಾ. ಬ್ರೋಕರು ಮೂರು ಅವರ್ ತಾನ್ ಅಂತಾನೆ," ಅಂದಳು ತಂಗಿ.

ಬೆಳಗ್ಗೆ ಹೊರಟೆ. ಮೇಟ್ಟುಪಾಳಯಂ ರಸ್ತೆಯಲ್ಲಿ ಅರ್ಧ ಜೀವ ಹೋಯಿತು, ಗಾಂಧಿಪುರಂ ದಾಟುವಾಗ ಉಳಿದರ್ಧ. ಏರ್‌ಪೋರ್ಟಿನಲ್ಲಿ ಬೆಲ್ಟ್ ಬಿಚ್ಚು, ಪರ್ಸ್ ತೆಗೆ, ಕೈ ಎತ್ತು. ಇಷ್ಟೆಲ್ಲ ಆದ ಮೇಲೆ ವಿಮಾನವೇ ಲೇಟು. ದೆಹಲಿಯಲ್ಲಿ ಇಳಿದರೆ ಮತ್ತೆ ಟ್ಯಾಕ್ಸಿ, ಮತ್ತೆ ಜಾಮ್. ಹುಡುಗನ ಮನೆಯ ಬೆಲ್ ಒತ್ತುವಾಗ ದೀಪ ಹಚ್ಚುವ ಹೊತ್ತು. ಮೂರು ಗಂಟೆ ಅಂದವನು ರನ್‌ವೇ ಮೇಲೆಯೇ ಮನೆ ಕಟ್ಟಿಕೊಂಡಿರಬೇಕು!

ಜನ ಒಳ್ಳೆಯವರು. ಹುಡುಗನೇ ಕಾಫಿ ಮಾಡಿ ತಂದುಕೊಟ್ಟ. ನನಗೆ ಹಿಡಿಸಿದ. ಮರುದಿನ ವಾಪಸ್ ಬರುವಾಗ ಮತ್ತದೇ ಕ್ಯೂ, ಅದೇ ಕಾಯುವಿಕೆ. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು.

ತಂಗಿಯ ಮನೆಯಲ್ಲಿ ಎಲ್ಲರೂ ಕಾದು ಕೂತಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ.

"ಎಷ್ಟು ದೂರಂ ಅಣ್ಣಾ?"

"ಒಂದು ಪೂರಾ ದಿನ," ಅಂದೆ. ದಣಿದವನ ಬಾಯಲ್ಲಿ ಸುಳ್ಳು ಬರುವುದಿಲ್ಲ.

ತಂಗಿಯ ಮುಖ ಇಳಿದುಹೋಯಿತು. "ಅಯ್ಯೋ, ಮಗಳ ಮುಖ ನೋಡ್ಬೇಕು ಅಂದ್ರೆ ಏನ್ ಮಾಡೋದು?"

"ಬೇಡಾಂತ ಹೇಳಿಬಿಡೋಣ," ಅಂದರು ಬಾವ. ನನ್ನ ಸೊಂಟನೋವು ಒಂದು ಸಂಬಂಧವನ್ನೇ ಮುರಿಯುತ್ತಿತ್ತು.

ಅಷ್ಟರಲ್ಲಿ ಅಡುಗೆಮನೆಯಿಂದ ಕವಿತಾ ಬಂದಳು. ಕಣ್ಣು ಕೆಂಪಾಗಿತ್ತು.

"ಅಮ್ಮಾ, ಅಕ್ಕನ್ನ ಆನೈಮಲೈಗೆ ಕೊಟ್ರಲ್ಲ, ಅದು ಎಷ್ಟು ದೂರಂ?"

"ಅದು ಪಕ್ಕಂ ತಾನೇ. ಬಸ್ಸಲ್ಲಿ ಎರಡು ಅವರ್."

"ಅವಳು ಈ ಮನೆಗೆ ಬಂದು ಎಷ್ಟು ದೀಪಾವಳಿ ಆಯ್ತು?"

ದೊಡ್ಡವಳನ್ನು ಅತ್ತೆಮನೆಯವರು ಕಳಿಸುವುದಿಲ್ಲ. ಎಲ್ಲರಿಗೂ ಗೊತ್ತು. ಒಂದು ದಿನವೂ ಬಾಯಿಬಿಟ್ಟು ಕೇಳಿದವರಿಲ್ಲ. ತೆಂಗಿನ ತೋಟದ ದೊಡ್ಡ ಮನೆತನ ನೋಡಿ, ಹೇಗೆ ಕೇಳುವುದು?

"ದೂರಂ ನೋಡ್ಕೊಂಡು ಬಂದ್ರಿ ಮಾಮ. ನನ್ನ ಕಳಿಸ್ತಾರಾ ಅಂತ ಕೇಳಿದ್ರಾ?"

ಕೇಳಿರಲಿಲ್ಲ. ಅಲ್ಲೇ ನಿಂತು ಹುಡುಗನ ತಾಯಿಗೆ ಫೋನ್ ಮಾಡಿದೆ. ಸ್ಪೀಕರ್ ಆನ್. "ಹುಡುಗಿಯನ್ನ ಆಗಾಗ ತವರಿಗೆ ಕಳಿಸ್ತೀರ ತಾನೇ ಅಮ್ಮಾ?"

ಆಕೆ ನಕ್ಕುಬಿಟ್ಟರು. "ಅವಳೇನು ಪಾರ್ಸಲ್ಲಾ ಅಣ್ಣಾ, ನಾವು ಕಳ್ಸೋಕೆ? ಬೇಕು ಅಂದಾಗ ಅವಳೇ ಬರ್ತಾಳೆ."

ಆನೈಮಲೈ ಎಷ್ಟು ದೂರ ಅಂತ ನನಗೆ ಆಗ ಗೊತ್ತಾಯಿತು.