ವಾರ್ಷಿಕ ಸಭೆಗೆ ವಾಪಸು ಬಂದ ರೊಟ್ಟಿ

ಬೆಳಗಿನ ಆರು ಗಂಟೆ. ಭಾಲ್ಕಿ ಬಸ್ ನಿಲ್ದಾಣದ ಎದುರಿನ ಅಂಗಡಿಯ ಷಟರ್ ಅರ್ಧ ಮೇಲೇಳುವಷ್ಟರಲ್ಲೇ ಮನಿಷಾ ಒಳಗೆ ನುಸುಳಿದ್ದಾರೆ. ಖಡಕ್ ರೊಟ್ಟಿಯ ಪೊಟ್ಟಣಗಳನ್ನು ಒಂದೊಂದಾಗಿ ಸರಿಸಿ, ಕಪಾಟಿನಲ್ಲಿ ಎಷ್ಟು ಉಳಿದಿವೆ ಎಂದು ನೋಡುತ್ತಾರೆ. ಅಂಗಡಿಯಾತ ನಗುತ್ತಾನೆ: “ಫೋನ್ ಮಾಡಿದ್ರ ಹೇಳ್ತಿದ್ನಲ್ಲಕ್ಕಾ.”

“ನೀವು ಹೇಳೂದು ಖರೇನ ಅದರಿ. ಕಪಾಟ ಇನ್ನೂ ಖರೇ ಹೇಳ್ತದ,” ಎಂದು ಇವರೂ ನಗುತ್ತಾರೆ.

ಮನಿಷಾ ರೊಟ್ಟಿ ಬಡಿಯುವವರಲ್ಲ. ಹಲಬರ್ಗಾದಲ್ಲಿ ಸುತ್ತಲಿನ ಹೆಣ್ಣುಮಕ್ಕಳೇ ಸೇರಿ ಕಟ್ಟಿಕೊಂಡ ಪುಟ್ಟ ಕಂಪನಿಯ ಲೆಕ್ಕ ಬರೆಯುವವರು. ರೊಟ್ಟಿ ಬಡಿಯುವವರ ಫೋಟೊ ಆಗೀಗ ಪತ್ರಿಕೆಯಲ್ಲಿ ಬರುತ್ತದೆ. ಲೆಕ್ಕದವರ ಫೋಟೊ ಯಾರು ತೆಗೆಯುತ್ತಾರೆ? ಕಳೆದ ವರ್ಷದ ಕಥೆ ಕೇಳಿದ ಮೇಲೆ ನನಗಂತೂ ತೆಗೆಯಲೇಬೇಕು ಅನ್ನಿಸಿತು.

ಅಂಗಡಿಗಳೊಂದಿಗೆ ಇವರ ಕರಾರು ಸರಳ: ಮಾರಿದ್ದಕ್ಕೆ ಹಣ, ಉಳಿದದ್ದು ವಾಪಸು. ಮೊದಮೊದಲು ಏನೂ ಉಳಿಯುತ್ತಿರಲಿಲ್ಲ. ಹಾಗಾಗಿ ಪೊಟ್ಟಣ ವ್ಯಾನ್ ಹತ್ತಿದ ದಿನವೇ ಮಾರಾಟ ಎಂದು ಬರೆಯುವ ರೂಢಿ ಬಿದ್ದಿತ್ತು. ಕಳೆದ ವರ್ಷ ಬೇಡಿಕೆ ಕುಸಿಯಿತು. ವರ್ಷದ ಲೆಕ್ಕ ಮುಗಿಸುವ ಮಾರ್ಚ್ ಕೊನೆಯಲ್ಲಿ ಬೀದರ್ ನಗರದ ಅಂಗಡಿಗಳಲ್ಲಿ ಪೊಟ್ಟಣಗಳು ಹಾಗೇ ಕುಳಿತಿದ್ದವು. ಅವನ್ನೂ ಆದಾಯಕ್ಕೆ ಸೇರಿಸಿದರೆ ವರದಿ ಚೆಂದ. ಬಿಟ್ಟರೆ ಆದಾಯ ಇಳಿದದ್ದು ಎಲ್ಲರಿಗೂ ಕಾಣುತ್ತದೆ. ಕಂಡರೆ ಹೆಣ್ಣುಮಕ್ಕಳು ಧೈರ್ಯಗೆಟ್ಟು ಕೆಲಸ ಬಿಟ್ಟಾರು, ಕಂಪನಿ ಮುಚ್ಚೀತು ಎಂಬ ಅಂಜಿಕೆ ಅಧ್ಯಕ್ಷೆ ಚಾಂದಬೀ ಅವರದು.

“ಸೇರಿಸಿಬಿಡು ಬೇಟಿ, ನಾಳಿ ಮಾರಿ ಹೋಗ್ತಾವ ಅಂದೆ,” ಎಂದು ಚಾಂದಬೀ ಈಗ ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ. “ಇಕಿ ಒಪ್ಪಲಿಲ್ರಿ. ‘ಖಾಲಾ, ಅಂಗಡ್ಯಾಗ ಕುಂತಿದ್ದು ಮಾರಿದ್ದಲ್ಲ’ ಅಂದಳು.”

ಅಷ್ಟಕ್ಕೇ ಬಿಟ್ಟಿದ್ದರೆ ಮನಿಷಾ ಬರೀ ಹಟಮಾರಿ ಆಗಿರುತ್ತಿದ್ದರು. ಖಡಕ್ ರೊಟ್ಟಿ ಬೇಗ ಕೆಡುವುದಿಲ್ಲವಲ್ಲ, ವಾಪಸು ಬಂದದ್ದನ್ನೆಲ್ಲ ವಾರ್ಷಿಕ ಸಭೆಗೇ ತಂದು ಸದಸ್ಯರ ಮುಂದೆ ಇಟ್ಟುಬಿಟ್ಟರು. “ಕಮ್ಮಿ ಆದ ನಮ್ಮ ಆದಾಯ ಇದೇ ನೋಡ್ರಿ. ತಿನ್ರಿ. ತಿಂದು, ಯಾಕ ಯಾರೂ ಒಯ್ಯಲಿಲ್ಲ ಹೇಳ್ರಿ.” ಒಬ್ಬೊಬ್ಬರಾಗಿ ಮುರಿದು ಬಾಯಿಗಿಟ್ಟರು. ಆಮೇಲೆ ಎಲ್ಲಿಂದಲೋ ಶೇಂಗಾ ಚಟ್ನಿ ಬಂತು. ಲೆಕ್ಕ ಓದುವ ದನಿಗಿಂತ ಕರುಂ ಕುರುಂ ಸದ್ದೇ ಜೋರಾಯಿತಂತೆ. ಇಂಥ ಸಭೆಗೆ ನನ್ನನ್ನೂ ಕರೆಯಬಾರದಿತ್ತೇ!

ತಿನ್ನುತ್ತಲೇ ಔರಾದಿನ ಸದಸ್ಯೆ ಜಿಜಾಬಾಯಿ ತಟ್ಟೆಯಗಲದ ರೊಟ್ಟಿಯೊಂದನ್ನು ಎತ್ತಿ ಹಿಡಿದರು: “ಇದು ಯಾರ ಡಬ್ಬ್ಯಾಗ ಹಿಡಿತದವ್ವಾ? ನನ್ನ ಸೊಸಿ ಆಫೀಸಿಗಿ ಚೂರು ಮಾಡಿ ಒಯ್ತಾಳ. ಅಂಗೈಯಷ್ಟು ಮಾಡ್ರಿ.”

ಮಾಡಿದರು. ಅಂಗೈಯಗಲದ ರೊಟ್ಟಿ ಈಗ ಬೀದರಿನ ಕಚೇರಿಗಳ ಊಟದ ಡಬ್ಬಿಗಳಲ್ಲಿದೆ, ಹಾಸ್ಟೆಲುಗಳಲ್ಲಿದೆ, ಕಮಲನಗರದ ಅಂಗಡಿಗಳಿಗೂ ಹೋಗುತ್ತದೆ. ಇಳಿದಿದ್ದ ಆದಾಯ ಮತ್ತೆ ಏರಿದೆ. ಗಿರಾಕಿಯ ಕೈಗೆ ಹೋದ ಮೇಲೆಯೇ ಮಾರಾಟ ಎಂದು ಬರೆಯುವುದರಿಂದ ಈ ಏರಿಕೆಯನ್ನು ಕಣ್ಣು ಮುಚ್ಚಿ ನಂಬಬಹುದು. ಹೆಣ್ಣುಮಕ್ಕಳಲ್ಲಿ ಒಬ್ಬರೂ ಕೆಲಸ ಬಿಟ್ಟಿಲ್ಲ.

ಬರುವ ಭಾನುವಾರ ಮತ್ತೆ ಸಭೆ. ತಯಾರಿ ಹೇಗಿದೆ ಎಂದು ಕೇಳಿದರೆ ಮನಿಷಾ ಮುಖದಲ್ಲಿ ಹುಸಿ ಚಿಂತೆ.

“ಒಂದೇ ಫಿಕೀರದರಿ. ಹೋದ ವರ್ಷದಂಗ ಎಲ್ಲಾರೂ ತಿನ್ಲಾಕಂತ ಬರ್ತಾರ. ಈ ಸಲ ವಾಪಸ ಬಂದ ರೊಟ್ಟಿ ಒಂದೂ ಇಲ್ರಿ. ಹೊಸಾದು ಬಡಿಬೇಕು!”