ಕೀಲಿ ಹಾಕಿಟ್ಟ ಕಿವಿ

ಹೋದ ವಾರ ಹಾವೇರಿಯ ಔಷಧಿ ಅಂಗಡಿಯೊಂದರಲ್ಲಿ ಬಿಪಿ ಗುಳಿಗೆಗಾಗಿ ನಿಂತಿದ್ದೆ. ಪಕ್ಕದಲ್ಲಿದ್ದ ಮುದುಕರೊಬ್ಬರು ಕಿವಿ ಮಷಿನ್ನಿನ ಸೆಲ್ಲು ಕೇಳಿದರು. ಅಂಗಡಿಯಾತ ಒಂದು ಪಟ್ಟಿ ತೆಗೆದುಕೊಟ್ಟ. ಬಟಾಣಿಕಾಳಿನಷ್ಟು ಸೆಲ್ಲುಗಳು, ಪ್ರತಿಯೊಂದರ ಬೆನ್ನಿಗೂ ಕಿತ್ತಳೆ ಬಣ್ಣದ ಪುಟ್ಟ ಸ್ಟಿಕ್ಕರ್.

“ಈ ಸ್ಟಿಕ್ಕರ್ ಒಮ್ಮಿ ಕಿತ್ರ ಮುಗೀತ್ರಿ ಅಜ್ಜಾರ. ಗಾಳಿ ಹತ್ತಿ ತಾನ ಇಳಿಯಾಕ ಸುರು ಆಕ್ಕೈತಿ. ಮಷಿನ್ ಹಾಕ್ಕೊಳ್ರಿ, ಬಿಡ್ರಿ, ಉಳಿಸಿ ಇಡಾಕ ಬರೂದಿಲ್ಲ.”

ಉಳಿಸಿ ಇಡಲು ಬರುವುದಿಲ್ಲ... ಗುಳಿಗೆ ತೆಗೆದುಕೊಳ್ಳುವುದನ್ನೂ ಮರೆತು ಹೊರಗೆ ಬಂದೆ. ಸತ್ತು ಆರು ವರ್ಷವಾದ ಮನುಷ್ಯನ ಮೇಲೆ, ನಡುರಸ್ತೆಯಲ್ಲಿ, ಮೈ ಉರಿಯುವಷ್ಟು ಸಿಟ್ಟು ಬಂದಿತ್ತು.

ಆಗ ನಾನು ರಾಣೆಬೆನ್ನೂರಿನ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಎದುರುಮನೆಯ ಗಂಡ ಹೆಂಡತಿ ನಮಗೆ ರಕ್ತಸಂಬಂಧವೇನಲ್ಲ. ಆದರೂ ಅವರನ್ನು ಕಾಕಾ ಎಂದೂ ಚಿಗವ್ವ ಎಂದೂ ಕರೆಯುತ್ತಿದ್ದೆ. ಕಾಕಾನದು ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ. ಕುಪ್ಪೇಲೂರಿನ ಕಡೆ ನೀರಾವರಿ ಹೊಲ, ಬಾಡಿಗೆಗೆ ಕೊಟ್ಟ ಎರಡು ಮನೆ. ಮಕ್ಕಳಿರಲಿಲ್ಲ. ಆ ಮನೆಗೆ ಯಾವುದಕ್ಕೂ ಕೊರತೆ ಇರಲಿಲ್ಲ. ಆದರೂ ಚಿಗವ್ವ ಒಗ್ಗರಣೆಗೆ ಎಣ್ಣೆ ಬಿಡುವಾಗ ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದರು.

ಚಿಗವ್ವನಿಗೆ ಕಿವಿ ಮಂದವಾಗಿತ್ತು. ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಮಾತ್ರ ಒಂದಿಷ್ಟು ಕೇಳಿಸುತ್ತಿತ್ತು. ಮಷಿನ್ ಕೊಡಿಸಿದ್ದು ಕಾಕಾ ಅಲ್ಲ. ಕಾಗಿನೆಲೆಯಲ್ಲಿದ್ದ ಅವರ ಅಕ್ಕ. ತಾಯಿ ತೀರಿಕೊಂಡ ಮೇಲೆ ಚಿಗವ್ವನನ್ನು ಎತ್ತಿ ಬೆಳೆಸಿದ ಆ ಅಕ್ಕ, ಒಂದು ವರ್ಷ ಮೆಣಸಿನಕಾಯಿ ಮಾರಿದ ಹಣದಲ್ಲಿ ತಂಗಿಯನ್ನು ಹುಬ್ಬಳ್ಳಿಗೆ ಕರೆದೊಯ್ದು ಮಷಿನ್ ಹಾಕಿಸಿಕೊಂಡು ಬಂದಿದ್ದರು. ಕಾಕಾ ಮಾಡಬೇಕಾಗಿದ್ದು ಇಷ್ಟೇ: ಆಗಾಗ ಸೆಲ್ಲು ತರಬೇಕಿತ್ತು.

ತಂದರು. ತಂದು ಕೀಲಿ ಹಾಕಿಟ್ಟರು. ಮದುವೆಗೆ ಹೋಗುವಾಗ, ಮನೆಗೆ ಬೀಗರು ಬಂದಾಗ, ಹಬ್ಬದ ದಿನ ಒಂದು ಸೆಲ್ಲು ಹೊರಗೆ ಬರುತ್ತಿತ್ತು. ಬಂದವರು ಚಪ್ಪಲಿ ಮೆಟ್ಟುವುದೇ ತಡ, ಕಾಕಾ ಅಂಗೈ ಚಾಚುತ್ತಿದ್ದರು. ಚಿಗವ್ವ ಕಿವಿಯಿಂದ ಮಷಿನ್ ಬಿಚ್ಚಿ, ಸೆಲ್ಲು ತೆಗೆದು ಆ ಅಂಗೈಯಲ್ಲಿ ಇಡುತ್ತಿದ್ದರು. ಅದು ತಿಜೋರಿಗೆ ಹೋಗುತ್ತಿತ್ತು. ಕೀಲಿ ಕಾಕಾನ ಉಡದಾರಕ್ಕೆ. ನಾನು ಅದನ್ನು ಎಷ್ಟು ಸಲ ನೋಡಿದ್ದೆನೋ... ಒಮ್ಮೆಯೂ ಬಾಯಿ ಬಿಡಲಿಲ್ಲ. ಸಂಸಾರ ನಡೆಸುವುದೆಂದರೆ ಹೀಗೇ ಇರಬೇಕು ಅಂದುಕೊಂಡಿದ್ದೆ. ನಮ್ಮ ಮನೆಯಲ್ಲೂ ಹೊಸ ತಾಟುಗಳು ಅಟ್ಟದ ಮೇಲೇ ಇದ್ದವು.

ಶಾಲೆಗೆ ರಜೆಯಿದ್ದ ಒಂದು ಶುಕ್ರವಾರ ಮಧ್ಯಾಹ್ನ ಚಿಗವ್ವನ ಅಕ್ಕನ ಮಗ ನನ್ನ ಮೊಬೈಲಿಗೆ ಫೋನ್ ಮಾಡಿದ. ಅವ್ವನನ್ನು ಹಾವೇರಿಯ ದವಾಖಾನೆಗೆ ಸೇರಿಸಿದ್ದೇವೆ, ಚಿಗವ್ವನ ಜೊತೆ ಮಾತಾಡಬೇಕು ಎನ್ನುತ್ತಿದ್ದಾಳೆ, ಅರ್ಧ ತಾಸು ಬಿಟ್ಟು ಮತ್ತೆ ಹಚ್ಚುತ್ತೇನೆ ಎಂದ. ಸುದ್ದಿಯನ್ನು ಚಿಗವ್ವನ ಕಿವಿಯಲ್ಲಿ ಕೂಗಿ ಹೇಳಿ, ಸ್ಕೂಟಿ ತೆಗೆದುಕೊಂಡು ಕಾಕಾನ ಅಂಗಡಿಗೆ ಓಡಿದೆ.

ತಿಜೋರಿಯ ಕೀಲಿ ಕೇಳಿದೆ. ಕಾಕಾ ಬೀಜದ ಪಾಕೀಟುಗಳನ್ನು ಜೋಡಿಸುತ್ತಲೇ ಹೇಳಿದರು: “ಮೊನ್ನಿ ಸೀಮಂತಕ್ಕ ಹೋದಾಗ ಹಾಕ್ಕೊಂಡಿದ್ಲಲ್ಲ. ಫೋನಿನ್ಯಾಗಿನ ಎರಡ ಮಾತಿಗೆ ಸೆಲ್ ಯಾಕ ದಂಡ ಮಾಡೂದು? ನೀನ ಕೇಳಿ ಆಕೀಗಿ ಹೇಳವಾ.”

“ಕಾಕಾ, ಅವರ ಅಕ್ಕಗ ಭಾಳ ಆರಾಮಿಲ್ಲಂತ್ರಿ.”

“ಸೋಮವಾರ ಹೆಂಗೂ ಮಾಲು ತರಾಕ ಹಾವೇರಿಗೆ ಗಾಡಿ ಹೊಂಟೈತಿ. ಅದರಾಗ ಕರ್ಕೊಂಡ ಹೋಗಿ ಮಾರೀನ ತೋರಸ್ತೇನಿ ತಗೋ.”

ಬರಿಗೈಯಲ್ಲಿ ಹೊರಟೆ. ದಾರಿಯಲ್ಲಿ ಔಷಧಿ ಅಂಗಡಿ ಇತ್ತು. ಅಲ್ಲಿ ಆ ಸೆಲ್ಲು ಸಿಗುತ್ತದೆಂದು ನನಗೆ ಗೊತ್ತಿತ್ತು. ಪಗಾರವಾಗಿ ಎರಡು ದಿನವಾಗಿತ್ತು, ಪರ್ಸು ತುಂಬಿತ್ತು. ಸ್ಕೂಟಿಯನ್ನು ಒಂದು ಕ್ಷಣ ನಿಧಾನ ಮಾಡಿದೆ ಕೂಡ. ಮತ್ತೊಬ್ಬರ ಮನೆಯ ಖರ್ಚು ನನಗೇಕೆ ಅನಿಸಿತು. ಮುಂದೆ ಹೋದೆ. ಕಾಕಾನ ಮೇಲಿನ ಸಿಟ್ಟನ್ನು ಎಲ್ಲರ ಮುಂದೆ ಹೇಳಿಕೊಂಡಿದ್ದೇನೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಫೋನ್ ಬಂತು. ಸ್ಪೀಕರ್ ಹಾಕಲು ಹೋದೆ. ಚಿಗವ್ವ ನನ್ನ ಕೈ ಸರಿಸಿ, ಫೋನನ್ನು ಕಿವಿಗೆ ಗಟ್ಟಿಯಾಗಿ ಒತ್ತಿಕೊಂಡರು. ಆ ಕಡೆಯಿಂದ ಏನೋ ಸಣ್ಣ ದನಿ. ಚಿಗವ್ವ ಕಣ್ಣು ಮುಚ್ಚಿ “ಹೂಂ ಅಕ್ಕಾ” ಎಂದರು. ಸ್ವಲ್ಪ ತಡೆದು ಮತ್ತೆ “ಹೂಂ... ಆತು ಅಕ್ಕಾ... ಆತು” ಎಂದರು. ತಂಗಿಗೆ ಎಲ್ಲ ಕೇಳಿಸುತ್ತಿದೆ ಎಂದು ಅಕ್ಕ ನಂಬಲಿ ಎಂದು ಹಾಗೆ ಹೂಂಗುಟ್ಟುತ್ತಿದ್ದರು. ಬಹಳ ಹೊತ್ತು ನಡೆಯಿತು. ಫೋನ್ ಕಟ್ಟಾದ ಮೇಲೆ ನನ್ನ ಕಡೆ ತಿರುಗಿದರು.

“ಏನಂದ್ಲವಾ ನಮ್ಮಕ್ಕ?”

ನನಗೆ ಒಂದು ಮಾತೂ ಕೇಳಿಸಿರಲಿಲ್ಲ. ತಿರುಗಿ ಫೋನ್ ಹಚ್ಚಿದೆ. ಅವ್ವ ಮಲಗಿದ್ದಾಳೆ, ಎಲ್ಲ ಹೇಳಿದೆ ಅಂತ ಸಮಾಧಾನವಾಗಿದ್ದಾಳೆ, ಈಗ ಎಬ್ಬಿಸುವುದು ಬೇಡ ಎಂದ ಮಗ. ಆಕೆ ಮಾತಾಡುವಾಗ ಅವನು ಡಾಕ್ಟರನ್ನು ಕಾಣಲು ಹೋಗಿದ್ದನಂತೆ.

ರವಿವಾರ ಬೆಳಿಗ್ಗೆ ಆಕೆ ಹೋಗಿಬಿಟ್ಟರು. ಸೋಮವಾರದ ಗಾಡಿ ಸೋಮವಾರವೇ ಹೋಯಿತು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮುಂಜಾನೆ ಚಿಗವ್ವ ಇಳಕಲ್ ಸೀರೆಯುಟ್ಟು ನಮ್ಮ ಬಾಗಿಲಿಗೆ ಬಂದು, “ನಡಿ ತಂಗಿ, ಪ್ಯಾಟಿಗೆ” ಎಂದರು. ನೇರ ಕಾಕಾನ ಅಂಗಡಿಗೆ ನಡೆದರು. ಬಿತ್ತನೆಯ ಕಾಲ, ಅಂಗಡಿ ತುಂಬ ರೈತರು. ಚಿಗವ್ವ ಯಾರನ್ನೂ ನೋಡದೆ ಒಳಗೆ ಹೋಗಿ, ಗಲ್ಲಾ ಪೆಟ್ಟಿಗೆಗೆ ಕೈಹಾಕಿ ಸಿಕ್ಕಷ್ಟು ನೋಟು ತೆಗೆದುಕೊಂಡರು.

“ಏ, ಏನ ಮಾಡಾಕತ್ತೀ?” ಎಂದರು ಕಾಕಾ, ಹಲ್ಲು ಕಚ್ಚಿಕೊಂಡು.

“ನನಗ ಕೇಳಸೂದಿಲ್ಲ,” ಎಂದರು ಚಿಗವ್ವ. “ಜೋರಾಗಿ ಹೇಳ್ರಿ. ಎಲ್ಲಾರಿಗೂ ಕೇಳೂ ಹಂಗ ಹೇಳ್ರಿ.”

ರೈತರೆಲ್ಲ ಕಾಕಾನ ಕಡೆ ತಿರುಗಿದರು. ಕಾಕಾ ಕೆಂಪಗಾದ ಮುಖ ತಗ್ಗಿಸಿ ಬೀಜದ ಪಾಕೀಟುಗಳನ್ನು ಜೋಡಿಸತೊಡಗಿದರು. ಆ ಮುಖ ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ. ಅದನ್ನು ಮುಚ್ಚಿಡುವುದಿಲ್ಲ.

ಅಲ್ಲಿಂದ ಔಷಧಿ ಅಂಗಡಿಗೆ ಹೋಗಿ ಚಿಗವ್ವ ಸೆಲ್ಲಿನ ಹತ್ತು ಪಟ್ಟಿ ಕೊಂಡರು. ಅಂಗಡಿಯ ಕಟ್ಟೆಯ ಮೇಲೆಯೇ ಕುಳಿತು ಒಂದನ್ನು ಹಾಕಿಕೊಂಡರು. ರಸ್ತೆಯ ಗದ್ದಲಕ್ಕೆ ಒಮ್ಮೆ ಬೆಚ್ಚಿದರು. ಆಮೇಲೆ ಇಬ್ಬರೂ ಗಿರಮಿಟ್ಟು, ಮಿರ್ಚಿ ತಿಂದೆವು. ಅಷ್ಟು ವರ್ಷ ರಾಣೆಬೆನ್ನೂರಿನಲ್ಲಿದ್ದೂ ಅವರು ಹಾಗೆ ಕುಳಿತು ತಿಂದದ್ದು ಅದೇ ಮೊದಲು.

“ನಮಗೇನ ಕಡಿಮಿ ಇತ್ತವಾ?” ಎಂದರು. “ಇದ್ದದ್ದನ್ನ ಇಲ್ಲ ಅಂತ ತಿಳಕೊಂಡು ಬಾಳೇವು ಮಾಡಿದ್ವಿ. ಆಂವ ಅಷ್ಟ ಅಲ್ಲ, ನಾನೂ. ನಾನ್ಯಾಕ ಅವತ್ತಿನ ತನಾ ಆ ಗಲ್ಲಾಕ್ಕ ಕೈ ಹಾಕಲಿಲ್ಲ?”

ಆಮೇಲೆ ನಾಲ್ಕು ವರ್ಷ ಬದುಕಿದರು. ಎದ್ದಾಗಿನಿಂದ ಮಲಗುವವರೆಗೂ ಕಿವಿಯಲ್ಲಿ ಮಷಿನ್. ಎಣ್ಣೆ ಬಿಡುವಾಗ ಬಾಗಿಲ ಕಡೆ ನೋಡುವುದನ್ನು ಬಿಟ್ಟರು. ಆ ಮನೆ ಅದರಿಂದೇನೂ ದಿವಾಳಿಯಾಗಲಿಲ್ಲ. ಆದರೆ ಅಕ್ಕ ಏನೆಂದಳು ಎಂಬುದು ಮಾತ್ರ ಅವರಿಗೆ ಸಿಗಲೇ ಇಲ್ಲ. ಮಾತಿನ ನಡುವೆ ಒಮ್ಮೊಮ್ಮೆ ತಾವೇ ಊಹಿಸುತ್ತಿದ್ದರು. ಮಗನ ಮದುವೆಯ ವಿಷಯ ಇರಬೇಕು, ಅಥವಾ ನಮ್ಮವ್ವನ ಗುಂಡಿನ ಸರ ನನಗೆ ಅಂದಿರಬೇಕು, ಅಥವಾ ಬರೀ ಉಂಡಿಯೇನ ಅಂತ ಕೇಳಿರಬೇಕು...

ಕಾಕಾ ತೀರಿಕೊಂಡಾಗ ಮಣ್ಣಿಗೆ ಬಂದವರು, ಒಂದು ರೂಪಾಯಿ ದಂಡ ಮಾಡದ ಮನುಷ್ಯ ಎಂದು ಕೊಂಡಾಡಿದರು. ಚಿಕ್ಕಂದಿನಲ್ಲಿ ಒಪ್ಪತ್ತು ಉಂಡು ಬೆಳೆದವರು, ಹಸಿವಿನ ಅಂಜಿಕೆ ಸಾಯುವತನಕ ಬಿಡಲಿಲ್ಲ ಎಂದೂ ಹೇಳಿದರು. ಇರಬಹುದು. ಕಾರಣ ತಿಳಿದರೆ ಸಿಟ್ಟು ಇಳಿಯಬೇಕೆಂದು ಯಾರು ಹೇಳಿದರು? ಚಿಗವ್ವನೂ ಹಸಿದೇ ಬೆಳೆದವರು. ಅವರು ಯಾರ ಕಿವಿಗೂ ಕೀಲಿ ಹಾಕಲಿಲ್ಲ.

ಈಗ ಮೊಬೈಲ್ ತೆಗೆದರೆ ಯಾರೋ ಕೋಟು ಹಾಕಿಕೊಂಡವರು, ನಿಮ್ಮ ಮನಸ್ಸು ಸಮೃದ್ಧವಾಗಿರಲಿ, ಹಣ ತಾನಾಗಿ ಹರಿದು ಬರುತ್ತದೆ ಎಂದು ಉಪದೇಶ ಮಾಡುತ್ತಾರೆ. ಅವರ ಮೇಲೂ ನನಗೆ ರೇಗುತ್ತದೆ. ಆ ಮನೆಗೆ ಹಣ ಹರಿದು ಬಂದಿತ್ತಲ್ಲ! ಬಂದದ್ದು ತಿಜೋರಿಯ ಬಾಗಿಲು ದಾಟಿ ಒಬ್ಬ ಹೆಂಗಸಿನ ಕಿವಿಯವರೆಗೆ ಹೋಗಲಿಲ್ಲ.

ಮೊನ್ನೆ ರವಿವಾರ ಬ್ಯಾಡಗಿಯಲ್ಲಿರುವ ನನ್ನ ಅಕ್ಕ ಫೋನ್ ಮಾಡಿ ಎರಡು ದಿನದಿಂದ ಜ್ವರ ಎಂದಳು. ಹಾವೇರಿಯಿಂದ ಕಾರು ಬಾಡಿಗೆ ಹಿಡಿದೆ. “ಬಸ್ಸಿಗೆ ಹೋದ್ರ ಆಗೂದಿಲ್ಲೇನು? ಎಷ್ಟ ದೂರ ಐತಿ?” ಎಂದರು ನಮ್ಮ ಮನೆಯವರು. ಆಗುವುದಿಲ್ಲ ಎಂದೆ, ಸ್ವಲ್ಪ ಜೋರಾಗಿಯೇ. ನಿಜ ಹೇಳಬೇಕೆಂದರೆ ನನ್ನೊಳಗೂ ಒಬ್ಬ ಕಾಕಾ ಇದ್ದಾನೆ. ಕಾರು ಹತ್ತಿ ಕುಳಿತ ಮೇಲೂ ಅವನು ಗೊಣಗುತ್ತಲೇ ಇದ್ದ. ನಾನು ಅವನ ಜೊತೆ ಜಗಳಾಡುತ್ತಲೇ ಕಾಗಿನೆಲೆಗೆ ಹೋಗುವ ತಿರುವು ದಾಟಿದೆ. ಚಿಗವ್ವನ ಅಕ್ಕನ ಮನೆ ಅಲ್ಲಿ ಯಾವುದೆಂದು ಗೊತ್ತಿಲ್ಲ. ಕೇಳಿ ಇಟ್ಟುಕೊಳ್ಳಬೇಕಿತ್ತು...

ನನ್ನನ್ನು ಕಂಡದ್ದೇ ಅಕ್ಕ ಬಯ್ಯಲು ಸುರುಮಾಡಿದಳು. “ಜ್ವರಕ್ಕ ಯಾರರ ಕಾರ್ ಮಾಡ್ಕೊಂಡ ಬರ್ತಾರೇನ, ಹುಚ್ಚಿ!” ಬೈಗುಳ ಮುಗಿದು ಮಾತು ಸೊಂಟನೋವಿಗೆ ಬಂತು, ಸೊಂಟನೋವಿನಿಂದ ಸೊಸೆಯ ಅಡುಗೆಗೆ. ಮಂಚದ ತುದಿಯಲ್ಲಿ ಕುಳಿತು ಸಂಜೆಯವರೆಗೆ ಕೇಳಿದೆ.

ಚಿಗವ್ವ ಇದ್ದಿದ್ದರೆ ಮನೆಗೆ ಬಂದವಳೇ ಫೋನ್ ಮಾಡಿ ಇದನ್ನೆಲ್ಲ ಹೇಳುತ್ತಿದ್ದೆ. ಅವರಿಗೆ ಕೇಳಿಸುತ್ತಿತ್ತು.